ಹುಟ್ಟಿದ ತಾರೀಖು, ದಿಲ್ಲಿಯ ಫೈಲು: ನೌಕಾಪಡೆಗೆ ಮುಖ್ಯಸ್ಥರು ಬರುವುದು ಹೇಗೆ?

ಪೀಣ್ಯ ಎರಡನೇ ಹಂತದಲ್ಲಿ ನಾನು ಕೆಲಸ ಮಾಡುವ ಟೆಸ್ಟಿಂಗ್ ಲ್ಯಾಬಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಇದೆ. ನೋಡಲು ಐಸ್‌ಕ್ರೀಂ ಅಂಗಡಿಯ ಫ್ರೀಜರಿನ ಹಾಗೆ. ಒಳಗೆ ಮಾತ್ರ ತಂಪಿಲ್ಲ. 35 ಡಿಗ್ರಿ ಶಾಖ, ಶೇಕಡಾ 5ರ ಉಪ್ಪುನೀರಿನ ಮಂಜು. ಮುಚ್ಚಳ ಎತ್ತಿದವನು ತುಟಿ ಸವರಿಕೊಂಡರೆ ಮಲ್ಪೆಯ ರುಚಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕೂತಿರುವ ಈ ಊರಿನಲ್ಲಿ ಹಡಗಿಗೆ ಹೋಗಬೇಕಾದ ಬ್ರಾಕೆಟ್ಟು, ಬೋಲ್ಟು, ಕ್ಯಾಬಿನೆಟ್ಟುಗಳು ಮೊದಲ ಬಾರಿ ಕಡಲಗಾಳಿ ಕುಡಿಯುವುದು ಇಲ್ಲೇ. ಪಕ್ಕದ ಜಾಲಹಳ್ಳಿಯ ಬಿಇಎಲ್ 1954ರಿಂದ ಇದೆ. ನೌಕಾಪಡೆಯ ರೇಡಾರ್, ಸೋನಾರ್‌ಗಳು ಅಲ್ಲಿ ತಯಾರಾಗುತ್ತವೆ. ಹಾಗಾಗಿ ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ನೌಕಾಪಡೆಯ ಸುದ್ದಿ ಬಂದರೆ ಎಲ್ಲರೂ ಅರ್ಧ ಅಡ್ಮಿರಲ್‌ಗಳೇ.

2024ರ ಏಪ್ರಿಲ್ 19ರ ಬೆಳಿಗ್ಗೆ ಅದೇ ಆಯಿತು. ಹಿಂದಿನ ರಾತ್ರಿ ಸುದ್ದಿ ಬಂದಿತ್ತು: ವೈಸ್ ಅಡ್ಮಿರಲ್ ದಿನೇಶ್ ಕುಮಾರ್ ತ್ರಿಪಾಠಿ ಮುಂದಿನ ನೌಕಾಪಡೆ ಮುಖ್ಯಸ್ಥರು. ಬೈ-ಟು ಟೀ ಮುಗಿಯುವಷ್ಟರಲ್ಲಿ ನಾಲ್ಕು ಜನ ಐದು ಥಿಯರಿ ಹೇಳಿದರು. ಸಂಜೆ ವೈಟ್‌ಫೀಲ್ಡಿನ ಭಾವಮೈದ ಫೋನಿನಲ್ಲಿ ಆರನೆಯದು ಸೇರಿಸಿದ. ಗಮನಿಸಿದರೆ ಪ್ರತಿಯೊಬ್ಬನೂ ತನ್ನ ಕಂಪನಿಯಲ್ಲಿ ನಡೆಯುವುದನ್ನೇ ದಿಲ್ಲಿಗೂ ಹೊಂದಿಸುತ್ತಿದ್ದ. ಲೇತ್ ಆಪರೇಟರಿಗೆ ಅದು ಸೀನಿಯಾರಿಟಿ ಲಿಸ್ಟು, ಸಾಫ್ಟ್‌ವೇರಿನವನಿಗೆ ಸಿಇಒ ಹುಡುಕಾಟ. ಅವನ್ನೂ ಆಮೇಲೆ ಕಿವಿಗೆ ಬಿದ್ದವನ್ನೂ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಚುನಾವಣೆ ನೀತಿಸಂಹಿತೆ ಇರುವಾಗ ಇಂಥ ನೇಮಕ ಮಾಡುವ ಹಾಗಿಲ್ಲ.

ಆ ದಿನದ ಮಟ್ಟಿಗೆ ಇದೇ ಬಿಸಿ ಚರ್ಚೆ. ಅವತ್ತೇ ಲೋಕಸಭೆಯ ಮೊದಲ ಹಂತದ ಮತದಾನ. ನಮ್ಮ ಬೆಂಗಳೂರಿನದು 26ಕ್ಕೆ. ಆದರೆ ಆಗಿನ ಮುಖ್ಯಸ್ಥ ಅಡ್ಮಿರಲ್ ಆರ್. ಹರಿಕುಮಾರ್ ನಿವೃತ್ತರಾಗುವ ದಿನ ಏಪ್ರಿಲ್ 30 ಎಂಬುದು ಅವರು ಅಧಿಕಾರ ವಹಿಸಿಕೊಂಡ 2021ರ ನವೆಂಬರಿನಲ್ಲೇ ಗೊತ್ತಿದ್ದ ಸಂಗತಿ. ಚುನಾವಣೆ ಇದೆ ಎಂದು ಪಡೆಯನ್ನು ಮುಖ್ಯಸ್ಥರಿಲ್ಲದೆ ಬಿಡಲಾಗುವುದಿಲ್ಲ. 2014ರಲ್ಲೂ ಚುನಾವಣೆಯ ನಡುವೆಯೇ, ಏಪ್ರಿಲ್ 17ರಂದು, ಅಡ್ಮಿರಲ್ ಆರ್.ಕೆ. ಧೋವನ್ ನೇಮಕವಾಗಿತ್ತು. ಇಷ್ಟು ಮೊದಲೇ ಹೆಸರು ಹೇಳಬೇಕು ಎಂಬ ನಿಯಮವೂ ಇಲ್ಲ. ಅಡ್ಮಿರಲ್ ಕರಮ್‌ಬೀರ್ ಸಿಂಗ್ ಅವರ ಹೆಸರು ಎರಡು ತಿಂಗಳು ಮೊದಲೇ ಹೊರಬಿದ್ದಿತ್ತು. ತ್ರಿಪಾಠಿಯವರದು ಹನ್ನೆರಡು ದಿನ ಮುಂಚೆ.

ತಪ್ಪು ಕಲ್ಪನೆ: ರಾಷ್ಟ್ರಪತಿಯೇ ಮಹಾದಂಡನಾಯಕರು, ಆದ್ದರಿಂದ ಅವರೇ ಆರಿಸುತ್ತಾರೆ.

ಸಂವಿಧಾನದ 53ನೇ ವಿಧಿ ರಕ್ಷಣಾ ಪಡೆಗಳ ಸರ್ವೋಚ್ಚ ದಂಡಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿರುವುದು ನಿಜ. ನೇಮಕ ಪತ್ರ ಹೊರಡುವುದೂ ಅವರ ಹೆಸರಿನಲ್ಲೇ. ಆದರೆ 74ನೇ ವಿಧಿಯ ಪ್ರಕಾರ ಅವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ನಿಜವಾದ ತೀರ್ಮಾನ ಆಗುವುದು ಕೇಂದ್ರ ಸಂಪುಟದ ನೇಮಕಾತಿ ಸಮಿತಿಯಲ್ಲಿ. ಹೆಸರು ಕೇಳಿ ಹತ್ತು-ಹದಿನೈದು ಮಂತ್ರಿಗಳು ಮೇಜಿನ ಸುತ್ತ ಕೂತ ದೃಶ್ಯ ಕಲ್ಪಿಸಿಕೊಳ್ಳಬೇಡಿ. 2014ರಿಂದ ಅದರಲ್ಲಿ ಇರುವವರು ಇಬ್ಬರೇ: ಪ್ರಧಾನಿ ಮತ್ತು ಗೃಹಸಚಿವ.

ಅಲ್ಲಿಗೆ ಫೈಲು ಹೋಗುವುದು ರಕ್ಷಣಾ ಸಚಿವಾಲಯದಿಂದ. ಅರ್ಹ ವೈಸ್ ಅಡ್ಮಿರಲ್‌ಗಳ ಸೇವಾ ದಾಖಲೆ, ವಾರ್ಷಿಕ ಗುಪ್ತ ವರದಿಗಳು, ಯಾವ ಹಡಗು, ಯಾವ ನೌಕಾಬಳಗ, ಯಾವ ಕಮಾಂಡ್ ನಡೆಸಿದ್ದಾರೆ ಎಂಬ ವಿವರ, ಜತೆಗೆ ರಕ್ಷಣಾ ಸಚಿವರ ಅಭಿಪ್ರಾಯ. ಅರ್ಜಿ ಕರೆಯುವುದಿಲ್ಲ, ಸಂದರ್ಶನದ ಬೋರ್ಡು ಇಲ್ಲ. ಯುಪಿಎಸ್‌ಸಿಯ ಕೆಲಸ ಎನ್‌ಡಿಎ ಪ್ರವೇಶ ಪರೀಕ್ಷೆಗೇ ಮುಗಿದಿರುತ್ತದೆ. ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುವವರು ದಿಲ್ಲಿಯ ಉಪಮುಖ್ಯಸ್ಥರು ಮತ್ತು ಮುಂಬೈ, ವಿಶಾಖಪಟ್ಟಣ, ಕೊಚ್ಚಿಯ ಕಮಾಂಡ್‌ಗಳ ಮುಖ್ಯಸ್ಥರು. ಅಂಡಮಾನಿನ ಜಂಟಿ ಕಮಾಂಡಿನಲ್ಲಿ ನೌಕಾಪಡೆಯವರಿದ್ದರೆ ಅವರೂ. ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಾದ ಪಟ್ಟಿ.

ತಪ್ಪು ಕಲ್ಪನೆ: ಅತಿ ಹಿರಿಯರೇ ಆಗಬೇಕು, ಅದು ಕಾನೂನು.

ಪೀಣ್ಯದಲ್ಲಿ ಇದನ್ನು ಅಲ್ಲಗಳೆದರೆ ಜಗಳವೇ ಆಗುತ್ತದೆ. ನಮ್ಮಲ್ಲಿ ಚಾರ್ಜ್‌ಮನ್ ಪ್ರಮೋಷನ್ನಿಗೂ ಸೀನಿಯಾರಿಟಿ ಲಿಸ್ಟು ನೋಟಿಸ್ ಬೋರ್ಡಿಗೆ ಬೀಳುತ್ತದೆ, ಒಂದು ಹೆಸರು ಹಿಂದೆಮುಂದೆ ಆದರೆ ಯೂನಿಯನ್ ಗೇಟಿಗೆ ಬರುತ್ತದೆ. ನೌಕಾಪಡೆಯ ಮಟ್ಟಿಗೆ ಹಿರಿತನ ಬಹುಪಾಲು ಪಾಲಿಸುತ್ತ ಬಂದ ಪದ್ಧತಿ. ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

2019ರಲ್ಲಿ ಕರಮ್‌ಬೀರ್ ಸಿಂಗ್ ಹೆಸರು ಬಂದಾಗ ಅವರಿಗಿಂತ ಹಿರಿಯರಾದ ವೈಸ್ ಅಡ್ಮಿರಲ್ ಬಿಮಲ್ ವರ್ಮಾ ಅಂಡಮಾನ್ ನಿಕೋಬಾರ್ ಕಮಾಂಡಿನ ಮುಖ್ಯಸ್ಥರಾಗಿದ್ದರು. ನನ್ನನ್ನು ಬದಿಗೊತ್ತಿದ್ದು ಏಕೆ ಎಂದು ಅವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ಮಂಡಳಿ ಅಧಿಕಾರ ಸ್ವೀಕಾರಕ್ಕೆ ತಡೆ ಕೊಡಲಿಲ್ಲ. ಮೇ 31ಕ್ಕೆ ಕರಮ್‌ಬೀರ್ ಸಿಂಗ್ ಕುರ್ಚಿಯಲ್ಲಿ ಕೂತರು, ಆ ಸ್ಥಾನಕ್ಕೆ ಬಂದ ಮೊದಲ ಹೆಲಿಕಾಪ್ಟರ್ ಪೈಲಟ್ ಎನಿಸಿಕೊಂಡರು. 2014ರ ಧೋವನ್ ನೇಮಕದಲ್ಲಿ ದಾಟಿಹೋದದ್ದು ಪಶ್ಚಿಮ ಕಮಾಂಡಿನ ವೈಸ್ ಅಡ್ಮಿರಲ್ ಶೇಖರ್ ಸಿನ್ಹಾ ಅವರನ್ನು. ಅವರು ಕೋರ್ಟಿಗೆ ಹೋಗಲಿಲ್ಲ, ಸೇವೆಯಿಂದ ಬೇಗ ಬಿಡುಗಡೆ ಕೇಳಿದರು.

ಇದೆಲ್ಲ ಈಗಿನ ಸರ್ಕಾರಗಳ ಹೊಸ ಚಾಳಿ ಎನ್ನುವವರು ಭೂಸೇನೆಯ ಕಡೆ ನೋಡಬೇಕು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1957ರಲ್ಲಿ ಸೇನಾ ಮುಖ್ಯಸ್ಥರಾದದ್ದೂ ತಮಗಿಂತ ಹಿರಿಯರನ್ನು ದಾಟಿಯೇ. ಬೆಂಗಳೂರಿನಲ್ಲಿ ತಿಮ್ಮಯ್ಯ ರಸ್ತೆಯಲ್ಲಿ ಓಡಾಡುವ ನಾವು ಆ ನೇಮಕವನ್ನು ಅನ್ಯಾಯ ಎನ್ನುತ್ತೇವೆಯೇ? ನಾನಂತೂ ಅನ್ನಲಾರೆ. ಹಿರಿತನ ಪಾಲಿಸಿದರೆ ಸರ್ಕಾರಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಮುರಿದರೆ ಕೇಳುತ್ತಾರೆ. ನನ್ನ ದೂರು ಇರುವುದು ಆ ಕಾರಣವನ್ನು ಸರ್ಕಾರಗಳು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂಬುದರ ಬಗ್ಗೆ. ಬಿಮಲ್ ವರ್ಮಾ ಅವರ ಪ್ರಶ್ನೆಯೂ ಅದೇ ಆಗಿತ್ತು.

ತಪ್ಪು ಕಲ್ಪನೆ: ಒಮ್ಮೆ ಆದರೆ ಮೂರು ವರ್ಷ ಗ್ಯಾರಂಟಿ.

ನನಗೆ ಇಡೀ ವಿಷಯದಲ್ಲಿ ಅತಿ ಸ್ವಾರಸ್ಯ ಕಂಡದ್ದು ಇಲ್ಲಿ. ನಿಯಮ ಇಷ್ಟೇ: ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ವೈಸ್ ಅಡ್ಮಿರಲ್ ಆಗಿಯೇ ಉಳಿದವರಿಗೆ 60ಕ್ಕೇ ನಿವೃತ್ತಿ. ಮನೆಗೆ ಹೋಗುವುದು ಹುಟ್ಟಿದ ತಿಂಗಳ ಕೊನೆಯ ದಿನ. ಕಾಗದ ಪೆನ್ನು ತೆಗೆದುಕೊಂಡು ಈ ನಿಯಮವನ್ನು ಹೆಸರುಗಳ ಮುಂದೆ ಇಟ್ಟು ನೋಡಿ.

ಸುನಿಲ್ ಲಾಂಬಾ ಹುಟ್ಟಿದ್ದು 1957ರ ಜುಲೈ. ಮುಖ್ಯಸ್ಥರಾದದ್ದು 2016ರ ಮೇ 31. ಅವರಿಗೆ 62 ತುಂಬುವ ಮೊದಲೇ ಮೂರು ವರ್ಷ ಮುಗಿಯಿತು. 2019ರ ಮೇ 31ಕ್ಕೆ ಇಳಿದರು. ಅವರ ನಂತರದ ಕರಮ್‌ಬೀರ್ ಸಿಂಗ್ ಹುಟ್ಟಿದ್ದು 1959ರ ನವೆಂಬರ್. ಮೂರು ವರ್ಷ ತುಂಬುವ ಮೊದಲೇ 62 ಬಂತು, ಎರಡೂವರೆ ವರ್ಷಕ್ಕೇ ಮುಗಿಯಿತು. ಹರಿಕುಮಾರ್ 1962ರ ಏಪ್ರಿಲಿನವರು, ಅವರಿಗೆ ಸಿಕ್ಕದ್ದು ಎರಡು ವರ್ಷ ಐದು ತಿಂಗಳು. ತ್ರಿಪಾಠಿ 1964ರ ಮೇ 15ರವರು. ಕುರ್ಚಿಯಲ್ಲಿ ಕೂತ ದಿನವೇ ಲೆಕ್ಕ ಹಾಕಿದರೆ ಎರಡು ವರ್ಷದ ಮೇಲೊಂದು ತಿಂಗಳು. ಒಬ್ಬರೂ ಕಡಿಮೆ ಯೋಗ್ಯರಲ್ಲ. ತಾಯಿ ಹೆತ್ತ ತಿಂಗಳು ಬೇರೆ, ಅಷ್ಟೇ.

ಇದೇ ಲೆಕ್ಕ ಒಬ್ಬರ ಪಾಲಿಗೆ ಹೇಗೆ ತಿರುಗಿತು ನೋಡಿ. 2014ರ ಫೆಬ್ರವರಿ 26ರಂದು ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಅವಘಡವಾಯಿತು. ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ಅದೇ ದಿನ ರಾಜೀನಾಮೆ ಕೊಟ್ಟರು, ಸರ್ಕಾರ ಅದೇ ದಿನ ಒಪ್ಪಿತು. ಉಪಮುಖ್ಯಸ್ಥರಾಗಿದ್ದ ಧೋವನ್ ಹಂಗಾಮಿ ಹೊಣೆ ಹೊತ್ತರು. ಅವರು ಹುಟ್ಟಿದ್ದು 1954ರ ಮೇ 22. ವೈಸ್ ಅಡ್ಮಿರಲ್ ಆಗಿಯೇ ಇದ್ದಿದ್ದರೆ 2014ರ ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ. ನೇಮಕ ಆದೇಶ ಬಂದದ್ದು ಏಪ್ರಿಲ್ 17. ಆರು ವಾರ ಉಳಿದಿತ್ತು! ಆ ಒಂದು ಆದೇಶದಿಂದ ಅವರ ಸೇವೆ ಎರಡು ವರ್ಷ ಮುಂದಕ್ಕೆ ಹೋಯಿತು.

ಕ್ಯಾಲೆಂಡರನ್ನು ಸರ್ಕಾರ ತಾನೇ ಸರಿಸಿದ ಉದಾಹರಣೆಯೂ ಇದೆ, ಅದರಲ್ಲಿ ಬಾಗಲಕೋಟೆ ಕಡೆಯ ಬೇವೂರಿನ ಮನೆತನದ ಹೆಸರಿದೆ. ಜನರಲ್ ಗೋಪಾಲ ಗುರುನಾಥ ಬೇವೂರ್ 1973ರಲ್ಲಿ ಮಾಣೆಕ್‌ಶಾ ನಂತರ ಸೇನಾ ಮುಖ್ಯಸ್ಥರಾದರು. ಮುಂದಿನ ಸರದಿ ವಿಕ್ಟೋರಿಯಾ ಕ್ರಾಸ್ ಪಡೆದಿದ್ದ ಲೆಫ್ಟಿನೆಂಟ್ ಜನರಲ್ ಪ್ರೇಮ್ ಭಗತ್ ಅವರದು ಎಂದು ಎಲ್ಲರೂ ಎಣಿಸಿದ್ದರು. ಬೇವೂರರ ಅವಧಿ ವಿಸ್ತರಣೆಯಾಯಿತು, ಅಷ್ಟರಲ್ಲಿ ಭಗತ್ ನಿವೃತ್ತರಾದರು. ಯಾರನ್ನೂ ದಾಟಿಸಿದ ಆದೇಶ ಇಲ್ಲ, ಯಾರಿಗೂ ಅನ್ಯಾಯವಾಯಿತು ಎಂದು ಕಾಗದದಲ್ಲಿ ತೋರಿಸಲಾಗದು. ಲಿಸ್ಟಿನಲ್ಲಿ ಕೈ ಆಡಿಸದೆಯೇ ಲಿಸ್ಟು ಬದಲಾಯಿತು.

ತಪ್ಪು ಕಲ್ಪನೆ: ಅಡ್ಮಿರಲ್ ಆದವರನ್ನು ಕೋರ್ಟ್‌ಮಾರ್ಷಲ್ ಇಲ್ಲದೆ ತೆಗೆಯುವಂತಿಲ್ಲ.

ತೆಗೆದಿದ್ದಾರೆ. ಕೈ ಹಾಕಿದ್ದು ಮಂಗಳೂರಿನವರೇ. 1998ರಲ್ಲಿ ರಕ್ಷಣಾ ಸಚಿವರಾಗಿದ್ದವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಬಂದು, ಅದನ್ನು ಬಿಟ್ಟು ಮುಂಬೈಯ ಕಾರ್ಮಿಕ ನಾಯಕರಾದವರು. ವೈಸ್ ಅಡ್ಮಿರಲ್ ಹರೀಂದರ್ ಸಿಂಗ್ ಅವರನ್ನು ನೌಕಾಪಡೆಯ ಡೆಪ್ಯುಟಿ ಚೀಫ್ ಮಾಡಿ ಎಂದು ಸಂಪುಟದ ನೇಮಕಾತಿ ಸಮಿತಿಯ ಆದೇಶ ಬಂತು. ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅದನ್ನು ಜಾರಿ ಮಾಡಲು ಒಪ್ಪಲಿಲ್ಲ. ಡಿಸೆಂಬರ್ 30ರಂದು ಭಾಗವತ್ ವಜಾ. ವಿಚಾರಣೆ ಇಲ್ಲ, ಕೋರ್ಟ್‌ಮಾರ್ಷಲ್ ಇಲ್ಲ. ಕೊಚ್ಚಿಯಿಂದ ದಕ್ಷಿಣ ಕಮಾಂಡಿನ ವೈಸ್ ಅಡ್ಮಿರಲ್ ಸುಶೀಲ್ ಕುಮಾರ್ ಅವರನ್ನು ವಿಮಾನದಲ್ಲಿ ಕರೆಸಿ ಅದೇ ದಿನ ಅಧಿಕಾರ ಕೊಟ್ಟರು.

ಇದಕ್ಕೆ ಆಧಾರ 1957ರ ನೌಕಾಪಡೆ ಕಾಯ್ದೆಯ 15ನೇ ಕಲಂ ಮತ್ತು ಸಂವಿಧಾನದ 310ನೇ ವಿಧಿ. ಪಡೆಯ ಪ್ರತಿ ಅಧಿಕಾರಿಯೂ ಸ್ಥಾನದಲ್ಲಿ ಇರುವುದು ರಾಷ್ಟ್ರಪತಿಯ ಇಚ್ಛೆ ಇರುವವರೆಗೆ, ಎಂದರೆ ವ್ಯವಹಾರದಲ್ಲಿ ಸರ್ಕಾರದ ಇಚ್ಛೆ ಇರುವವರೆಗೆ. ಹಾಲಿ ಮುಖ್ಯಸ್ಥರೊಬ್ಬರ ಮೇಲೆ ಅದನ್ನು ಪ್ರಯೋಗಿಸಿದ್ದು ಸ್ವತಂತ್ರ ಭಾರತದಲ್ಲಿ ಅದೇ ಮೊದಲು. ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಜೀವನವಿಡೀ ಕಾರ್ಮಿಕನನ್ನು ನೋಟಿಸ್ ಇಲ್ಲದೆ ತೆಗೆಯುವುದರ ವಿರುದ್ಧ ಬೀದಿಗಿಳಿದ ಮನುಷ್ಯನ ಖಾತೆಯಿಂದಲೇ ಅಂಥ ಆದೇಶ ಹೊರಟಿತು ಎಂಬುದು ನಮ್ಮ ಪೀಣ್ಯದ ಹಳೆಯ ಯೂನಿಯನ್ ಮಂದಿಗೆ ಇವತ್ತಿಗೂ ನುಂಗಲಾರದ ತುತ್ತು.

ತಪ್ಪು ಕಲ್ಪನೆ: ಕಂಪನಿಗಳ ಹಾಗೆ ಹೊರಗಿನಿಂದಲೂ ಒಳ್ಳೆಯ ತಲೆಯನ್ನು ತರಬಹುದು, ಒಳ್ಳೆಯ ಎಂಜಿನಿಯರನ್ನೂ ಮಾಡಬಹುದು.

ಭಾವಮೈದನ ಥಿಯರಿ ಇದು. ಎಲೆಕ್ಟ್ರಾನಿಕ್ ಸಿಟಿಯ ಪಿಜಿಯೊಂದರಲ್ಲಿ ಇರುವ ನಮ್ಮ ಪಕ್ಕದ ಮನೆ ಹುಡುಗನದ್ದೂ ಹೆಚ್ಚು ಕಡಿಮೆ ಇದೇ. ಅವನು ನೌಕಾಪಡೆಯ ಐಟಿ ಶಾಖೆಗೆ ಶಾರ್ಟ್ ಸರ್ವಿಸ್ ಅರ್ಜಿ ಹಾಕಿದ್ದ. "ಅಂಕಲ್, ಮೂವತ್ತು ವರ್ಷ ಬಿಟ್ಟು ನೋಡಿ" ಅಂದಿದ್ದ. ಹುಡುಗನ ಉತ್ಸಾಹಕ್ಕೆ ತಣ್ಣೀರು ಹಾಕಬಾರದು ಅಂತ ಅವತ್ತು ಸುಮ್ಮನಿದ್ದೆ. ಶಾರ್ಟ್ ಸರ್ವಿಸ್ ಎಂದರೆ ಹತ್ತು ವರ್ಷ, ವಿಸ್ತರಿಸಿದರೆ ಹದಿನಾಲ್ಕು. ವೈಸ್ ಅಡ್ಮಿರಲ್ ಹುದ್ದೆಗೆ ಬರಲು ಮೂವತ್ತೈದಕ್ಕೂ ಹೆಚ್ಚು ವರ್ಷ ಬೇಕು. ತ್ರಿಪಾಠಿ ಸೇವೆಗೆ ಸೇರಿದ್ದು 1985ರ ಜುಲೈ 1, ಮುಖ್ಯಸ್ಥರಾದದ್ದು ಮೂವತ್ತೊಂಬತ್ತನೇ ವರ್ಷದಲ್ಲಿ.

ಖಾಯಂ ಸೇವೆಯ ಎಂಜಿನಿಯರಿಗೂ ದಾರಿ ಇಲ್ಲ. ಸಮುದ್ರದಲ್ಲಿ ಹಡಗಿನ ನಾಯಕತ್ವ ಎಕ್ಸಿಕ್ಯುಟಿವ್ ಶಾಖೆಯ ಅಧಿಕಾರಿಗಳದು, ಮುಖ್ಯಸ್ಥರು ಬರುವುದೂ ಅಲ್ಲಿಂದಲೇ. ಎಂಜಿನಿಯರಿಂಗ್, ಎಲೆಕ್ಟ್ರಿಕಲ್ ಶಾಖೆಯವರು ಏರಬಹುದಾದ ಎತ್ತರ ಚೀಫ್ ಆಫ್ ಮೆಟೀರಿಯಲ್ ಹುದ್ದೆ. ಅವರೂ ವೈಸ್ ಅಡ್ಮಿರಲ್ಲೇ, ಆದರೆ ಮೇಲಿನ ಪಟ್ಟಿಯಲ್ಲಿ ಇಲ್ಲ. ತ್ರಿಪಾಠಿಯವರು ಸಂವಹನ ಮತ್ತು ಎಲೆಕ್ಟ್ರಾನಿಕ್ ಯುದ್ಧದಲ್ಲಿ ಪರಿಣತರು ಎಂದು ಪತ್ರಿಕೆಯಲ್ಲಿ ಓದಿದವರು ಗೊಂದಲಕ್ಕೆ ಬೀಳುತ್ತಾರೆ. ಅದು ಎಕ್ಸಿಕ್ಯುಟಿವ್ ಅಧಿಕಾರಿ ನಂತರ ಪಡೆದ ಪರಿಣತಿ. ಹಿಂದಿನ ಮುಖ್ಯಸ್ಥರಲ್ಲಿ ಪೈಲಟ್ ಆದ ತಾಹಿಲಿಯಾನಿ, ಜಲಾಂತರ್ಗಾಮಿಯ ಶೇಖಾವತ್, ಎಲ್ಲರೂ ಅದೇ ಶಾಖೆಯೊಳಗಿನ ಬೇರೆ ಬೇರೆ ದಾರಿಯವರು.

ಇಪ್ಪತ್ತೊಂದರಲ್ಲಿ ಒಳಗೆ ಹೋಗದವನು ಅರವತ್ತರಲ್ಲಿ ಮೇಲೆ ಇರಲಾರ. ಹಾಗಾಗಿ ಇವತ್ತು ವಿಜಯಪುರದ ಸೈನಿಕ ಶಾಲೆಯಲ್ಲೋ, ಕಾಸರಗೋಡಿನ ದಕ್ಷಿಣಕ್ಕೆ ಇರುವ ಎಳಿಮಲ ನೌಕಾ ಅಕಾಡೆಮಿಯಲ್ಲೋ ಬೂಟು ಪಾಲಿಷ್ ಮಾಡುತ್ತಿರುವವರಲ್ಲೇ 2060ರ ಸುಮಾರಿನ ಮುಖ್ಯಸ್ಥರು ಇರಬೇಕು. ರೀವಾ ಸೈನಿಕ ಶಾಲೆಯ ಒಂದೇ ತರಗತಿಯಲ್ಲಿ ತ್ರಿಪಾಠಿ ಮತ್ತು 2024ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಉಪೇಂದ್ರ ದ್ವಿವೇದಿ ಕೂತಿದ್ದರು ಎಂಬುದನ್ನು ಕೇಳಿದ ಮೇಲೆ ಯಾವ ಬೆಂಚನ್ನೂ ಹಗುರವಾಗಿ ನೋಡಲಾಗದು.

ತಪ್ಪು ಕಲ್ಪನೆ: ಈಗ ಸಿಡಿಎಸ್ ಇದ್ದಾರಲ್ಲ, ಅವರೇ ಆರಿಸುತ್ತಾರೆ.

ಇಲ್ಲ. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಅವರಿಂದ ಆರಂಭವಾದ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಹುದ್ದೆ ಸಮಾನರಲ್ಲಿ ಮೊದಲನೆಯದು. ನಾಲ್ಕು ನಕ್ಷತ್ರ ಅವರಿಗೂ, ಇವರಿಗೂ. ನೇಮಕದ ಬೀಗದ ಕೈ ಅವರಲ್ಲಿಲ್ಲ. 2022ರ ಜೂನಿನಲ್ಲಿ ನಿವೃತ್ತರೂ ಸಿಡಿಎಸ್ ಆಗಬಹುದು ಎಂದು ನಿಯಮ ತಿದ್ದಿದ್ದನ್ನು ನೌಕಾಪಡೆ ಮುಖ್ಯಸ್ಥರಿಗೂ ಅನ್ವಯಿಸಿ ಹೇಳುವವರಿದ್ದಾರೆ. ಅದು ಸಿಡಿಎಸ್‌ಗೆ ಮಾತ್ರ.

ತಪ್ಪು ಕಲ್ಪನೆ: ಅಮೆರಿಕದ ಹಾಗೆ ಸಂಸತ್ತಿನ ಒಪ್ಪಿಗೆ ಇದ್ದರೆ ರಾಜಕೀಯ ಇರುವುದಿಲ್ಲ.

ಅಲ್ಲಿ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪಬೇಕು, ಅವಧಿ ನಾಲ್ಕು ವರ್ಷ. ಕೇಳಲು ಚೆನ್ನ. 2023ರ ನವೆಂಬರಿನಲ್ಲಿ ಸೆನೆಟ್ ಒಪ್ಪಿ ಅಡ್ಮಿರಲ್ ಲೀಸಾ ಫ್ರಾಂಚೆಟಿ ಅಲ್ಲಿನ ನೌಕಾಪಡೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು. 2025ರ ಫೆಬ್ರವರಿಯಲ್ಲಿ ಹೊಸ ಸರ್ಕಾರ ಅವರನ್ನು ತೆಗೆಯಿತು. ಕೂರಿಸಲು ಸೆನೆಟ್ ಬೇಕಾಯಿತು, ಇಳಿಸಲು ಬೇಕಾಗಲಿಲ್ಲ.

ತಪ್ಪು ಕಲ್ಪನೆ: ಪಣಂಬೂರಿನಲ್ಲಿ ಕಾಣುವ ಬಿಳಿ ಹಡಗುಗಳೂ ಇದೇ ಮುಖ್ಯಸ್ಥರ ಕೆಳಗೆ.

ಆ ಬಿಳಿ ಹಡಗುಗಳು ಕೋಸ್ಟ್ ಗಾರ್ಡಿನವು. 1978ರ ಕಾಯ್ದೆಯ ಪ್ರತ್ಯೇಕ ಪಡೆ, ರಕ್ಷಣಾ ಸಚಿವಾಲಯದ ಅಡಿಯಲ್ಲೇ, ಅದಕ್ಕೆ ಮಹಾನಿರ್ದೇಶಕರು ಬೇರೆ. ಗೊಂದಲಕ್ಕೆ ಕಾರಣವೂ ಇದೆ: ಮೊದಲ ಮಹಾನಿರ್ದೇಶಕ ವೈಸ್ ಅಡ್ಮಿರಲ್ ವಿ.ಎ. ಕಾಮತ್ ಅವರಿಂದ ಹಿಡಿದು ದಶಕಗಳ ಕಾಲ ಬಹುತೇಕ ನೌಕಾಪಡೆಯ ಅಧಿಕಾರಿಗಳೇ ಆ ಕುರ್ಚಿಗೆ ಹೋಗುತ್ತಿದ್ದರು. ಈಗ ಕೋಸ್ಟ್ ಗಾರ್ಡಿನಲ್ಲೇ ಬೆಳೆದವರು ಬರುತ್ತಿದ್ದಾರೆ.

ತಪ್ಪು ಕಲ್ಪನೆ: ಹೊಸ ಮುಖ್ಯಸ್ಥರು ಬಂದರೆ ಎಲ್ಲ ಬದಲಾಗುತ್ತದೆ, ಆರ್ಡರುಗಳೂ ಬರುತ್ತವೆ.

ಈ ಕೊನೆಯದನ್ನು ಹೇಳಿದ್ದು ನಮ್ಮ ಬೀದಿಯ ಸಣ್ಣ ಕಾರ್ಖಾನೆಯ ಮಾಲೀಕರು, ಅರ್ಧ ತಮಾಷೆಯಾಗಿ. ಅವರಿಗೆ ನಾನು ಕಾರವಾರದ ಕಥೆ ಹೇಳಿದೆ. 1982ರ ಮಾರ್ಚಿನಿಂದ 1984ರ ನವೆಂಬರ್‌ವರೆಗೆ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್. ಮುಂಬೈ ಬಂದರಿನ ಇಕ್ಕಟ್ಟು ನೋಡಿ, ಕಾರವಾರದ ಬಳಿ ದೊಡ್ಡ ನೌಕಾನೆಲೆ ಬೇಕು ಎಂಬ ಯೋಚನೆಗೆ ರೂಪ ಕೊಟ್ಟವರು ಅವರೇ. ಅದೇ ಸೀಬರ್ಡ್. ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1986ರ ಅಕ್ಟೋಬರ್ 24, ಆಗ ಡಾಸನ್ ನಿವೃತ್ತರಾಗಿ ಎರಡು ವರ್ಷ. ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರ ಮೇ 31. ಆ ಹೊತ್ತಿಗೆ ಕುರ್ಚಿಯಲ್ಲಿ ಇದ್ದವರು ಡಾಸನ್ ನಂತರದ ಎಂಟನೆಯವರು, ಅಡ್ಮಿರಲ್ ಅರುಣ್ ಪ್ರಕಾಶ್. ನಡುವೆ ಒಬ್ಬರು ವಜಾ ಆಗಿದ್ದರು, ಕಾರವಾರ-ಅಂಕೋಲೆ ಕಡೆಯ ಸಾವಿರಾರು ಕುಟುಂಬಗಳು ಊರು ಬಿಟ್ಟು 'ಸೀಬರ್ಡ್ ನಿರಾಶ್ರಿತರು' ಎಂಬ ಹೆಸರು ಹೊತ್ತು ಪರಿಹಾರಕ್ಕೆ ಅಲೆಯುತ್ತಿದ್ದವು. ಡಾಸನ್ ಕೊನೆಯ ದಿನಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 2011ರಲ್ಲಿ ಇಲ್ಲೇ ತೀರಿಕೊಂಡರು.

ಮಾಲೀಕರು ಲೋಟ ಕೆಳಗಿಟ್ಟು, "ಹಾಗಾದರೆ ನನ್ನ ಕ್ಯಾಬಿನೆಟ್ಟು?" ಅಂದರು. ಅದು ಆಗಲೂ ಉಪ್ಪಿನ ಪೆಟ್ಟಿಗೆಯೊಳಗೇ ಇತ್ತು. ಇನ್ನೂ 40 ಗಂಟೆ ಬಾಕಿ.